ಎರಡು ಗೋಡೆ, ಒಂದು ಗೆರೆ

ಇನ್ನು ಮುಂದೆ ಪ್ರತಿ ಕುಟುಂಬಕ್ಕೆ ವಾರಕ್ಕೆ ತೊಂಬತ್ತೇ ಅಕ್ಷರ ಎಂಬ ಸುದ್ದಿ ನೀಲಾಂಬಿಕಾಳಿಗೆ ಮುಟ್ಟಿದಾಗ ಅವಳು ಶಾಲೆಯಲ್ಲಿದ್ದಳು. ಏಳನೇ ತರಗತಿಯ ಮಕ್ಕಳು ಮಾವಿನಹಣ್ಣಿನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಫೋನಿನಲ್ಲಿ ಸಂಪರ್ಕ ಕೇಂದ್ರದವರ ಎರಡೇ ಸಾಲು. ಹಿಂದಿನ ವರ್ಷ ಮುನ್ನೂರು ಅಕ್ಷರ ಇತ್ತು. ಅದಕ್ಕೂ ಮುಂಚೆ, ನೌಕೆಯ ದೊಡ್ಡ ಆಂಟೆನಾ ಸರಿಯಿದ್ದ ಕಾಲದಲ್ಲಿ, ತಂಗಿಯ ಮುಖವನ್ನೇ ನೋಡಬಹುದಿತ್ತು.

ತಂಗಿ ದಾಕ್ಷಾಯಣಿ ‘ಹೊಸತೀರ’ ಎಂಬ ನೌಕೆಯಲ್ಲಿದ್ದಳು. ಗುರುಗ್ರಹದ ಒಂದು ಉಪಗ್ರಹದ ಮೇಲೆ ಊರು ಕಟ್ಟಲು ಹೊರಟ ಅರವತ್ತೊಂದು ಜನರಲ್ಲಿ ಅವಳೂ ಅವಳ ಗಂಡನೂ ನಾಲ್ಕು ವರ್ಷದ ಮಗಳು ಮುಕ್ತಾಳೂ ಇದ್ದರು. ದಾಕ್ಷಾಯಣಿ ಸಸ್ಯವಿಜ್ಞಾನಿ, ನೌಕೆಯೊಳಗಿನ ತೋಟ ಅವಳ ಸುಪರ್ದಿ. ಎರಡನೆಯ ನೌಕೆಯಲ್ಲಿ ನೀಲಾಂಬಿಕಾ ಹೋಗುವುದೆಂದು ಗೊತ್ತಾಗಿತ್ತು, ಅಲ್ಲಿನ ಮಕ್ಕಳಿಗೆ ಪಾಠ ಹೇಳಲು. ವೈದ್ಯಕೀಯ ಪರೀಕ್ಷೆಗಳೆಲ್ಲ ಮುಗಿದು, ಒಯ್ಯಬಹುದಾದ ಎಂಟು ಕಿಲೋ ಸಾಮಾನನ್ನೂ ಅವಳು ಕಟ್ಟಿಟ್ಟಿದ್ದಳು. ಆದರೆ ಗುರುಗ್ರಹದ ಹತ್ತಿರ ವೇಗ ತಗ್ಗಿಸಬೇಕಾದ ಗಳಿಗೆಯಲ್ಲಿ ಇಂಜಿನ್ನಿನ ಒಂದು ಕವಾಟ ತೆರೆಯಲಿಲ್ಲ. ನೌಕೆ ಗ್ರಹದ ಪಕ್ಕದಿಂದಲೇ ಹಾಯ್ದುಹೋಯಿತು. ಗ್ರಹದ ಸೆಳೆತ ಅದನ್ನು ಕವಣೆಯ ಕಲ್ಲಿನಂತೆ ಇನ್ನಷ್ಟು ವೇಗವಾಗಿ ಆಚೆಗೆ ಎಸೆಯಿತು.

ಒಳಗಿದ್ದವರಿಗೆ ಏನೂ ಆಗಲಿಲ್ಲ. ಗಾಳಿ, ನೀರು, ಸೊಪ್ಪು ಕಾಳು ಬೆಳೆಯುವ ತೋಟ ಎಲ್ಲ ಇದ್ದವು. ತಿರುಗಿ ಬರುವ ದಾರಿ ಮಾತ್ರ ಇರಲಿಲ್ಲ. ಅಷ್ಟು ವೇಗದ ನೌಕೆಯನ್ನು ಬೆನ್ನಟ್ಟಿ ಹಿಡಿಯುವ ಇನ್ನೊಂದು ನೌಕೆ ಭೂಮಿಯ ಮೇಲೆ ಯಾರ ಹತ್ತಿರವೂ ಇರಲಿಲ್ಲ. ಎರಡನೆಯ ಯಾನ ರದ್ದಾಯಿತು. ಅದಾಗಿ ಮೂರು ವರ್ಷ. ಹೊಸತೀರ ಈಗ ಶನಿಗ್ರಹವನ್ನೂ ದಾಟಿ ಎಷ್ಟೋ ದೂರ ಹೋಗಿತ್ತು. ಇಲ್ಲಿಂದ ಹೊರಟ ಸಂಕೇತ ಅಲ್ಲಿಗೆ ಮುಟ್ಟಲು ಎರಡು ಗಂಟೆ ಬೇಕಾಗುತ್ತಿತ್ತು. ಮುಕ್ತಾಗೆ ಒಂಬತ್ತು ತುಂಬಿತ್ತು.

ತೊಂಬತ್ತು ಅಕ್ಷರದ ಮೊದಲ ಪತ್ರ ಬರೆದವಳು ಮುಕ್ತಾನೇ. “ದೊಡ್ಡವ್ವಾ, ಚಿತ್ರ ಕಳಸು. ಇಲ್ಲೆ ಎಲ್ಲಾ ಗ್ವಾಡಿ ಬಿಳೇವ ಅದಾವ. ನಾವು ಹನ್ನೊಂದು ಹುಡುಗರು ಅದೀವಿ.”

ನೀಲಾಂಬಿಕಾ ಸಂಪರ್ಕ ಕೇಂದ್ರದ ಇಂಜಿನಿಯರ್ ಇಮ್ತಿಯಾಜನಿಗೆ ಫೋನ್ ಮಾಡಿದಳು. ಹುಬ್ಬಳ್ಳಿಯವನು, ಮೃದು ಮಾತಿನವನು. ಮೂರು ವರ್ಷಗಳಿಂದ ನೌಕೆಯವರ ಕುಟುಂಬಗಳಿಗೆಲ್ಲ ಅವನೇ ಉತ್ತರ ಹೇಳುತ್ತಿದ್ದ.

“ಚಿತ್ರ ಆಗೂದಿಲ್ರಿ ಮೇಡಮ್,” ಅಂದ. “ಅಂಗೈ ಅಷ್ಟ ಅಗಲದ ಚಿತ್ರ ಕಳಸಬೇಕಂದ್ರೂ ಈ ವೇಗದಾಗ ಹದಿನಾಲ್ಕು ತಿಂಗಳು ಹಿಡಿತೈತಿ. ಅದೂ ಉಳಿದವರ ಯಾರದೂ ಒಂದಕ್ಷರ ಕಳಸದಿದ್ರ.”

ಅವಳು ಮನೆಗೆ ಹೋದಾಗ ಚಿಗವ್ವ ಗುರುಬಸವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಫೋನಿನಲ್ಲಿ ಎಣಿಸುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅಕ್ಕತಂಗಿಯರಿಬ್ಬರನ್ನೂ ಬೆಳೆಸಿದವಳು ಅವಳೇ. ಧಾರವಾಡದ ಕಸೂತಿಯಲ್ಲಿ ಅವಳ ಕೈಗೆ ಸರಿಸಾಟಿ ಇಲ್ಲವೆಂದು ಓಣಿಯವರು ಹೇಳುತ್ತಿದ್ದರು. ಆಚೆ ತುದಿಯಲ್ಲಿ ಗೋಪುರದ ಕಸೂತಿಯನ್ನು ಹೊಸದಾಗಿ ಕಲಿಯುವ ಗದಗಿನ ಯಾರೋ ಹೆಣ್ಣುಮಗಳು.

“ಮ್ಯಾಲೆ ಮೂರು. ಬಲಕ್ಕ ಒಂದು. ಮತ್ತ ಮ್ಯಾಲೆ ಮೂರು... ಗಂಟ ಹಾಕಬ್ಯಾಡ ಮತ್ತ. ಹಾಕಿದಿ ಅಂದ್ರ ಬಿಚ್ಚು.”

ಫೋನ್ ಇಟ್ಟ ಮೇಲೆ ನೀಲಾಂಬಿಕಾ ಕೇಳಿದಳು. “ಅಷ್ಟ್ಯಾಕ ಒದರತಿ ಚಿಗವ್ವಾ? ಒಂದು ಫೋಟೋ ಕಳಿಸಿದ್ರ ಆಗತಿರಲಿಲ್ಲೇನು?”

“ಫೋಟೋ ನೋಡಿದ್ರ ನೋಡಿಧಂಗ ಆಗತೈತಿ, ಅಷ್ಟ. ಎಣಿಸಿದ್ರ ಅಕಿ ಕೈಯಾಗ ಬರತೈತಿ. ನಾ ಇಲ್ಲಿ ಎಣಿಸಿದ್ದು, ಅಕಿ ಅಲ್ಲಿ ಹಾಕಿದ್ದು, ಎರಡೂ ಒಂದ ಗೋಪುರ.”

ನೀಲಾಂಬಿಕಾ ಕೈಯಲ್ಲಿದ್ದ ಚೀಲವನ್ನು ಕೆಳಗಿಡದೆ ನಿಂತಲ್ಲೇ ನಿಂತಳು. ಚಿತ್ರವನ್ನು ಕಳಿಸುವುದು ಬೇಡ. ಚಿತ್ರ ಬರೆಯುವ ನಿಯಮವನ್ನು ಕಳಿಸಿದರೆ ಸಾಕು. ಒಂದು ಹೆಜ್ಜೆಗೆ ಒಂದಕ್ಷರ. ಮೇ, ಕೆ, ಎ, ಬ. ಮೇಲೆ, ಕೆಳಗೆ, ಎಡ, ಬಲ.

ಶಾಲೆಯಲ್ಲಿ ಬಿಸಿಯೂಟದ ಕೋಣೆಯಿಂದ ನಲ್ಲಿಯವರೆಗೆ ಒಂದು ಉದ್ದನೆಯ ಖಾಲಿ ಗೋಡೆ ಇತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮಕ್ಕಳ ಕೈಯಲ್ಲಿ ದಾರ ಹಿಡಿಸಿ, ಗೇಣಿಗೊಂದರಂತೆ ಗೋಡೆಯ ತುಂಬ ಚುಕ್ಕಿ ಇಡಿಸಿದಳು. ಆಮೇಲೆ ಕರಿಹಲಗೆಯ ಮೇಲೆ ನಿಯಮ ಬರೆದಳು. ಒಬ್ಬರಿಗೆ ಒಂದೇ ಗೆರೆ, ಒಂದು ಚುಕ್ಕಿಯಿಂದ ಪಕ್ಕದ ಚುಕ್ಕಿಗೆ. ಹಿಂದಿನವರ ಗೆರೆ ಎಲ್ಲಿ ಮುಗಿಯಿತೋ ಅಲ್ಲಿಂದಲೇ ಶುರು. ಗೆರೆ ಮುಟ್ಟಿದ ಚುಕ್ಕಿಯನ್ನು ಮತ್ತೆ ಮುಟ್ಟಬಾರದು. ದಾರಿ ಮುಚ್ಚಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಮೊದಲು ಸಿಕ್ಕ ಖಾಲಿ ಜಾಗಕ್ಕೆ ಕವಲು ಒಡೆಯಬೇಕು.

“ಒಂದ ಗೆರಿ ಏನ್ರೀ ಅಕ್ಕೋರ?” ಅಂದಳು ಸಾವಂತ್ರಿ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿತ್ರ ಬರೆಯುವ ಹುಡುಗಿ ಅವಳು. “ನಾ ನವಿಲು ಬರೀತೀನ್ರಿ.”

“ನವಿಲು ನಿಂದಾಗತೈತಿ. ಇದು ಎಲ್ಲಾರದೂ ಆಗಬೇಕು. ಇಲ್ಲಿ ಇಪ್ಪತ್ತೆಂಟು ಮಂದಿ, ಅಲ್ಲಿ ಹನ್ನೊಂದು ಮಂದಿ.”

“ಅವರ್ನ ನಾವು ನೋಡೇ ಇಲ್ರಿ.”

“ಅವರೂ ನಿಮ್ಮನ್ನ ನೋಡಿಲ್ಲ.”

ಮೊದಲ ದಿನ ಜಗಳವೇ ಜಗಳ. ಸಾವಂತ್ರಿ ತನ್ನ ಪಾಳಿ ಬಂದಾಗ ಬೇಕೆಂತಲೇ ಎರಡು ಗೆರೆ ಎಳೆದು ನವಿಲಿನ ಕುತ್ತಿಗೆ ಮಾಡಲು ನೋಡಿದಳು. ಅವಳ ಹಿಂದೆ ನಿಂತಿದ್ದ ಮಲ್ಲಿಕಾರ್ಜುನ ಆ ಕುತ್ತಿಗೆಯನ್ನು ಕೆಳಕ್ಕೆ ತಿರುಗಿಸಿಬಿಟ್ಟ. ಅವಳು ಅತ್ತಳು. ನೀಲಾಂಬಿಕಾ ಸಮಾಧಾನ ಮಾಡಲು ಹೋಗಲಿಲ್ಲ. ಎರಡನೆಯ ಗೆರೆಯನ್ನು ಒರೆಸಿಸಿ, ನಾಳೆ ಮತ್ತೆ ಪಾಳಿ ಬರುತ್ತದೆ ಎಂದಷ್ಟೇ ಹೇಳಿದಳು.

ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಸಂದೇಶ ಕೊಡಬೇಕು. ನಿಯಮಗಳನ್ನು ತೊಂಬತ್ತು ಅಕ್ಷರಕ್ಕೆ ಇಳಿಸಲು ಅವಳಿಗೆ ಇಡೀ ಶುಕ್ರವಾರ ಹಿಡಿಯಿತು. ಸೋಮವಾರ ಉತ್ತರ ಬಂತು. “ಊಟದ ಕೋಣ್ಯಾಗ ಚುಕ್ಕಿ ಇಟ್ಟೀವಿ. ನಮ್ಮ ಗೆರಿ ಬ ಬ ಮೇ ಎ ಮೇ ಮೇ ಬ ಬ ಮೇ ಎ ಎ.” ಅದರ ಕೆಳಗೆ ದಾಕ್ಷಾಯಣಿಯ ಮಾತು ಒಂದೇ ಒಂದು. “ಅಕ್ಕಾ, ಇಲ್ಲೆಲ್ಲಾರೂ ನಗಾಕತ್ತಾರ.”

ನಗಾಕತ್ತಾರ. ಆ ಪದವನ್ನು ನೀಲಾಂಬಿಕಾ ಎಷ್ಟು ಸಲ ಓದಿದಳೋ. ಮೂರು ವರ್ಷದಲ್ಲಿ ಆ ನೌಕೆಯಿಂದ ಬಂದ ಪತ್ರಗಳಲ್ಲಿ ಅಂಥ ಮಾತು ಇರಲಿಲ್ಲ.

ಆಮೇಲೆ ಅದು ರೂಢಿಯಾಯಿತು. ವಾರದ ಮೊದಲರ್ಧ ಅವರ ಗೆರೆಗಳನ್ನು ಇಲ್ಲಿನ ಮಕ್ಕಳು ಗೋಡೆಗೆ ಇಳಿಸುತ್ತಿದ್ದರು. ಉಳಿದರ್ಧ ತಮ್ಮ ಗೆರೆಗಳನ್ನು ಸೇರಿಸಿ ಅವರಿಗೆ ಕಳಿಸುತ್ತಿದ್ದರು. ಇಲ್ಲಿನವರದು ನೀಲಿ ಬಣ್ಣ, ನೌಕೆಯವರದು ಕೆಂಪು. ಗೆರೆ ಎತ್ತ ಹೋಗುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ದಸರೆಯ ಹೊತ್ತಿಗೆ ಅದು ಗೋಡೆಯ ಕಾಲುಭಾಗ ತುಂಬಿತ್ತು. ಮಲ್ಲಿಕಾರ್ಜುನನಿಗೆ ಅದು ಸುಭಾಸ ರಸ್ತೆಯ ಓಣಿಗಳ ಹಾಗೆ ಕಂಡಿತು. ಬಿಸಿಯೂಟದ ಅಡುಗೆಯವಳಿಗೆ ಹುಣಸೆ ಗಿಡದ ಬೇರು ಕಂಡಿತು. ಸಾವಂತ್ರಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಗೋಡೆಯ ಮುಂದೆ ಹಿಂದೆ ಅಡ್ಡಾಡುತ್ತ, ಇವತ್ತು ತನ್ನ ಒಂದು ಗೆರೆಯನ್ನು ಯಾವ ಕಡೆ ಎಳೆದರೆ ನಾಲ್ಕು ದಿನ ಬಿಟ್ಟು ಮುಕ್ತಾಗೆ ಎಷ್ಟು ದಾರಿ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು.

ಒಂದು ವಾರ ನೌಕೆಯವರ ಗೆರೆಗಳು ತಾಳೆಯಾಗಲಿಲ್ಲ. ಅವರು ಹೇಳಿದಂತೆ ಎಳೆಯಲು ಹೋದರೆ ಮೂರನೆಯ ಗೆರೆ ಆಗಲೇ ತುಂಬಿದ ಚುಕ್ಕಿಯ ಮೇಲೆ ಹೋಗುತ್ತಿತ್ತು. ನೌಕೆಯ ಮಕ್ಕಳು ನಿಯಮ ಮುರಿದರು ಎಂದು ತರಗತಿಯಲ್ಲಿ ಗದ್ದಲ. ಸಾವಂತ್ರಿ ಹಳೆಯ ಸಂದೇಶಗಳನ್ನೆಲ್ಲ ಕಾಗದದ ಮೇಲೆ ಮತ್ತೆ ಎಳೆದು ನೋಡಿ, ಎರಡು ದಿನದ ಮೇಲೆ ಬಂದಳು.

“ಅಕ್ಕೋರ, ಐದು ವಾರದ ಹಿಂದಿನ ಒಂದು ‘ಬ’ ತಪ್ಪೈತ್ರಿ. ಅದು ‘ಎ’ ಇರಬೇಕು. ಹಂಗಾದ್ರ ಮಾತ್ರ ಇದು ಕೂಡತೈತಿ.”

ನೀಲಾಂಬಿಕಾ ಅದನ್ನು ಹಿಡಿದು ಮರುದಿನವೇ ರೈಲು ಹತ್ತಿ ಸಂಪರ್ಕ ಕೇಂದ್ರಕ್ಕೆ ಹೋದಳು. ಕೊಪ್ಪಳದ ಆಚೆ ಬಂಡೆಗಲ್ಲುಗಳ ಬಯಲಿನಲ್ಲಿ ದೊಡ್ಡ ಆಂಟೆನಾ ಬಾಯಿ ತೆರೆದುಕೊಂಡು ಮುಗಿಲ ಕಡೆ ಮುಖ ಮಾಡಿತ್ತು. ಒಳಗೆ ಇಮ್ತಿಯಾಜ ಆ ದಿನದ ಸಂಕೇತವನ್ನು ತೆಗೆದು ತೋರಿಸಿದ. ಪರದೆಯ ತುಂಬ ಗದ್ದಲದ ಗೀಚು. ಅದರೊಳಗಿಂದ ಯಂತ್ರ ಒಂದೊಂದೇ ಅಕ್ಷರ ಹೆಕ್ಕಿ ತೆಗೆಯುತ್ತಿತ್ತು.

“ನಿಮ್ಮ ಹುಡುಗಿ ಹೇಳಿದ್ದು ಖರೇ ಐತ್ರಿ,” ಅಂದ. “ಇಲ್ಲಿ ಯಂತ್ರಕ್ಕ ಸಂಶಯ ಇತ್ತು. ಊಹೆ ಮಾಡಿ ‘ಬ’ ಅಂತ ಬರದೈತಿ. ದೂರ ಹೆಚ್ಚಾದಂಗ ಇಂಥಾವು ಹೆಚ್ಚಾಗತಾವ.”

ಶಾಲೆಗೆ ಬಂದು ಅವಳು ಒದ್ದೆ ಬಟ್ಟೆ ತಂದಳು. ಆ ತಪ್ಪು ಗೆರೆಯನ್ನೂ ಅದರ ಮುಂದಿನ ಐದು ವಾರವನ್ನೂ ಒರೆಸಬೇಕು. ಒರೆಸದಿದ್ದರೆ ಎರಡು ಗೋಡೆ ಒಂದೇ ಆಗುವುದಿಲ್ಲ. ಮಕ್ಕಳು ಅಡ್ಡ ನಿಂತರು. ತಾವು ಎಳೆದ ಗೆರೆಗಳಿವೆ ಅದರಲ್ಲಿ ಎಂದು ವಾದ ಮಾಡಿದರು. ಕೊನೆಗೆ ನೌಕೆಯ ಮಕ್ಕಳನ್ನೇ ಕೇಳುವುದೆಂದಾಯಿತು. ಉತ್ತರ ಬಂತು. “ಅಳಸಬ್ಯಾಡ್ರಿ. ನಿಮ್ಮ ಕವಲು ನಾವೂ ಹಾಕೋತೀವಿ. ನಮ್ಮದು ನೀವು ಹಾಕೋರಿ.” ಹೀಗೆ ತಪ್ಪಿನಿಂದ ಹುಟ್ಟಿದ ಕವಲೂ ಎರಡೂ ಗೋಡೆಗಳ ಮೇಲೆ ನಿಂತಿತು. ಎರಡು ಗೋಡೆಗಳು ಮತ್ತೆ ಒಂದಾದವಲ್ಲ ಎಂದು ನೀಲಾಂಬಿಕಾ ನಿರಾಳವಾದಳು. ಅವಳಿಗೆ ಬೇಕಿದ್ದದ್ದು ಅದೇ. ಬೆಳಿಗ್ಗೆ ಗೋಡೆಗೆ ಅಂಗೈ ಊರಿ ನಿಂತರೆ, ಇದೇ ಗೆರೆಯ ಮುಂದೆ ಅಲ್ಲಿ ದಾಕ್ಷಿ ಊಟಕ್ಕೆ ಕೂತಿರುತ್ತಾಳೆ ಅನ್ನಿಸುತ್ತಿತ್ತು.

ಮಕ್ಕಳು ಎಂಟನೇ ತರಗತಿಗೆ ಬಂದಿದ್ದರು. ಎರಡನೆಯ ವರ್ಷದ ಜನವರಿಯಲ್ಲಿ ಕುಟುಂಬಗಳನ್ನೆಲ್ಲ ಕೇಂದ್ರಕ್ಕೆ ಕರೆಸಿದರು. ನೌಕೆಯ ಸಭೆ ಒಂದು ತೀರ್ಮಾನ ಕಳಿಸಿತ್ತು. ವಿದ್ಯುತ್ ಕೊಡುವ ಯಂತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ. ಭೂಮಿಯೊಂದಿಗೆ ಮಾತಾಡಲು, ಆಂಟೆನಾವನ್ನು ಇತ್ತ ಹಿಡಿದಿಡಲು ಖರ್ಚಾಗುವ ವಿದ್ಯುತ್ತಿನಲ್ಲಿ ತೋಟದ ಮೂರರಲ್ಲೊಂದು ಪಾಲು ದೀಪಗಳನ್ನು ಉರಿಸಬಹುದು. ಮಕ್ಕಳು ಬೆಳೆಯುತ್ತಿದ್ದಾರೆ, ಊಟ ಸಾಲುತ್ತಿಲ್ಲ. ಇನ್ನು ಎಂಟು ವಾರದ ಮೇಲೆ ಸಂಪರ್ಕ ನಿಲ್ಲುತ್ತದೆ.

“ಕೇಳೂದಾದ್ರೂ ಇರತೈತೇನ್ರಿ?” ಯಾರೋ ಹಿರಿಯರು ಕೇಳಿದರು. “ನಾವು ಹೇಳಿದ್ದು ಅವರಿಗೆ ಮುಟ್ಟತೈತೇನು?”

“ಇಲ್ರಿ,” ಅಂದ ಇಮ್ತಿಯಾಜ. “ಕಳಸೂದೂ ಇಲ್ಲ, ಕೇಳೂದೂ ಇಲ್ಲ.”

ನೀಲಾಂಬಿಕಾ ಆ ತೀರ್ಮಾನದ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದಳು. ತೋಟದ ಮೇಲ್ವಿಚಾರಕಿ ದಾಕ್ಷಾಯಣಿಯವರ ಕೋರಿಕೆಯಂತೆ ಈ ತೀರ್ಮಾನ, ಎಂದು ಅದರಲ್ಲಿತ್ತು.

ರೈಲಿನಲ್ಲಿ ಅವಳು ಅಳಲಿಲ್ಲ. ಕಿಟಕಿಯ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಡತೊಡಗಿದಳು. ಮಾತೇ ಇಲ್ಲದಿದ್ದರೂ ಎರಡು ಗೋಡೆಗಳು ಒಂದೇ ಆಗಿರಲು ಸಾಧ್ಯವಿಲ್ಲವೆ? ಮಕ್ಕಳು ದಿಕ್ಕನ್ನು ಆರಿಸುವುದರಿಂದ ತಾನೇ ಅಕ್ಷರ ಕಳಿಸಬೇಕಾಗುತ್ತದೆ? ಆರಿಸುವುದನ್ನೇ ತೆಗೆದುಬಿಟ್ಟರೆ? ಬಲಕ್ಕೆ ಜಾಗವಿದ್ದರೆ ಬಲ, ಇಲ್ಲದಿದ್ದರೆ ಮೇಲೆ, ಅದೂ ಇಲ್ಲದಿದ್ದರೆ ಎಡ. ಏಳನೆಯ ದಿನ ಕವಲು. ದಿನಕ್ಕೆ ಒಂದೇ ಗೆರೆ, ಮಧ್ಯಾಹ್ನ ಮೂರು ಗಂಟೆಗೆ. ಇಲ್ಲಿ ಸಾವಂತ್ರಿ ಸೀಮೆಸುಣ್ಣ ಇಟ್ಟ ಗಳಿಗೆಯಲ್ಲೇ ಅಲ್ಲಿ ಮುಕ್ತಾಳೂ ಅದೇ ಚುಕ್ಕಿಯಿಂದ ಅದೇ ಚುಕ್ಕಿಗೆ ಗೆರೆ ಎಳೆಯುತ್ತಾಳೆ. ಹತ್ತು ವರ್ಷ, ಇಪ್ಪತ್ತು ವರ್ಷ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಇಮ್ತಿಯಾಜ ಅವಳ ನಿಯಮವನ್ನು ಕಂಪ್ಯೂಟರಿಗೆ ಹಾಕಿ ನಡೆಸಿದ. “ನಲವತ್ತು ವರ್ಷ ಓಡಿಸಿದೆ. ಎಲ್ಲೂ ಸಿಕ್ಕೊಳ್ಳೂದಿಲ್ರಿ,” ಅಂದ. ಆಮೇಲೆ ಕೇಳಿದ, “ಇದು ನಿಮಗ ಸಾಕೇನ್ರಿ ಮೇಡಮ್?”

“ಸಾಕು,” ಅಂದಳು.

ಆ ನಿಯಮ ಉದ್ದವಾಗಿತ್ತು. ಉಳಿದಿದ್ದ ಎಂಟು ಪತ್ರಗಳಲ್ಲಿ ಮೂರನ್ನು ಅದಕ್ಕೇ ಕೊಟ್ಟಳು. ಚಿಗವ್ವ ತನ್ನ ಒಂದು ಮಾತು ಸೇರಿಸು ಎಂದರೂ ಜಾಗವಿಲ್ಲ ಎಂದಳು. ತಂಗಿಯಿಂದ ಬಂದ ಪತ್ರಗಳಿಗೆ ಉತ್ತರವನ್ನೂ ಬರೆಯಲಿಲ್ಲ.

ತರಗತಿಯಲ್ಲಿ ಹೊಸ ನಿಯಮದ ಅಭ್ಯಾಸ ಶುರುವಾಯಿತು. ಮೊದಲ ಎರಡು ದಿನ ಮಕ್ಕಳು ಉತ್ಸಾಹದಿಂದ ಬಂದರು. ಮೂರನೆಯ ದಿನ ಪಾಳಿಯವನು ಗೆರೆ ಎಳೆಯುವಾಗ ಉಳಿದವರು ನಲ್ಲಿಯ ಹತ್ತಿರ ನೀರಾಟ ಆಡುತ್ತಿದ್ದರು. ವಾರ ಮುಗಿಯುವಷ್ಟರಲ್ಲಿ ಗೋಡೆಯ ಮುಂದೆ ಪಾಳಿಯವರೊಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಸಾವಂತ್ರಿ ತನ್ನ ಪಾಳಿಯ ದಿನ ಸೀಮೆಸುಣ್ಣವನ್ನು ನೀಲಾಂಬಿಕಾಳಿಗೆ ಹಿಂದಕ್ಕೆ ಕೊಟ್ಟಳು.

“ಯಾಕವಾ?”

“ಇದರಾಗ ನಾ ಮಾಡೂದು ಏನೈತ್ರಿ ಅಕ್ಕೋರ? ಮುಂದಿನ ಗೆರಿ ಯಾವುದು ಅಂತ ಈಗ ಗೊತ್ತೈತಿ. ಮುಂದಿನ ವರ್ಷದ್ದೂ ಗೊತ್ತೈತಿ. ನಾ ಸಾಲಿಗಿ ಬರದಿದ್ರೂ ಇದು ಆಗತೈತಿ.”

“ಅಲ್ಲಿ ಮುಕ್ತಾ ಎಳಿತಿರತಾಳ. ಅಕಿ ಕೂಡ ನೀನೂ ಎಳಿಬೇಕು.”

“ಅಕಿ ಎಳದಾಳೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ? ಅಕಿ ಎಳೀದಿದ್ರೂ ನಮ್ಮ ಗ್ವಾಡಿ ಹಿಂಗ ಇರತೈತಿ.”

ನೀಲಾಂಬಿಕಾ ಅವಳನ್ನು ಗದರಿಸಿ ಹೊರಗೆ ಕಳಿಸಿದಳು. ಆ ದಿನದ ಗೆರೆ ಹಾಗೇ ಉಳಿಯಿತು. ಎರಡು ವರ್ಷದ ಪಾಠದಲ್ಲಿ ಅವಳು ಮಕ್ಕಳ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಆ ಸೋಮವಾರ ನೌಕೆಯ ಆರನೆಯ ಪತ್ರ ಬಂತು. “ಅಕ್ಕಾ ಈ ನಿಯಮ ಬ್ಯಾಡ. ಮುಕ್ತಾ ಅಳತಾಳ. ಅಕಿಗೆ ತನ್ನದ ಗೆರಿ ಬೇಕಂತ. ಬ್ಯಾರೆ ಕೊಡು.”

ಅವಳ ಸಿಟ್ಟು ಯಾವ ಕಡೆ ಹರಿಯಬೇಕೆಂದು ತಿಳಿಯದೆ ಒಳಗೇ ಕುದಿಯಿತು. ಮಾತು ನಿಲ್ಲಿಸುವುದೂ ನಿನ್ನ ತೀರ್ಮಾನ. ಉಳಿಸಿಕೊಳ್ಳಲು ನಾನೊಂದು ದಾರಿ ಹುಡುಕಿದರೆ ಅದೂ ಬೇಡ. ಶನಿವಾರ ಬೆಳಿಗ್ಗೆ ಅವಳು ಖಾಲಿ ಪರದೆಯ ಮುಂದೆ ಕೂತಳು. ಹನ್ನೊಂದೂವರೆ ಆಯಿತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಇಮ್ತಿಯಾಜ ಫೋನ್ ಮಾಡಿದ.

“ಮೇಡಮ್, ನಿಮ್ಮದೊಂದ ಬಂದಿಲ್ರಿ.”

“ಈ ವಾರ ಇಲ್ಲ.”

“ಮೇಡಮ್, ಇನ್ನ ಐದು ನಿಮಿಷ ಐತ್ರಿ. ಒಂದಕ್ಷರ ಆದ್ರೂ...”

“ಇಲ್ಲ ಅಂದೆನಲ್ಲ,” ಎಂದು ಅವಳು ಫೋನ್ ಇಟ್ಟಳು. ಗಡಿಯಾರದ ಮುಳ್ಳು ಹನ್ನೆರಡು ದಾಟಿತು. ದಾಟಿದ ಕೂಡಲೇ ಮತ್ತೆ ಫೋನ್ ಮಾಡಿದಳು. ಆದರೆ ಸಂಕೇತ ಆಗಲೇ ಹೊರಟುಹೋಗಿತ್ತು. ಉಳಿದವರೆಲ್ಲರ ಮಾತು ಹೊತ್ತ ಆ ಸಂಕೇತದಲ್ಲಿ ದಾಕ್ಷಿಯ ಹೆಸರಿನ ಮುಂದೆ ಖಾಲಿ.

ಚಿಗವ್ವನಿಗೆ ಸಂಜೆ ಹೇಳಿದಳು. ಚಿಗವ್ವ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಇದ್ದದ್ದ ಎಂಟು,” ಅಂದಳು. “ಅದರಾಗ ಒಂದು ಸಿಟ್ಟಿಗೆ ಕೊಟ್ಟಿ.”

“ಅಕಿ ಬಾಗಲಾ ಹಾಕ್ಕೊಂಡಳಲ್ಲ ಚಿಗವ್ವಾ. ತಾನ ಕೇಳಿ ಹಾಕಿಸ್ಯಾಳ.”

“ಹಾಕ್ಕೊಂಡಿಲ್ಲ. ಮಕ್ಕಳ ಹೊಟ್ಟಿ ಸಲುವಾಗಿ ದೀಪಾ ಕೇಳ್ಯಾಳ. ಅದನ್ನ ಕೇಳೂಮುಂದ ಅಕಿಗೆ ಏನಾಗಿರಬೇಕು ಅಂತ ನೀ ಒಂದ ಸಲನೂ ವಿಚಾರ ಮಾಡಿದಿಯೇನು?” ಚಿಗವ್ವ ಬಟ್ಟೆಯನ್ನು ಮಡಿಚಿ ಬದಿಗಿಟ್ಟಳು. “ಗ್ವಾಡಿ ಒಂದ ಆಗಿರಬೇಕು, ಒಂದ ಆಗಿರಬೇಕು ಅಂತಿ. ಆ ಕೂಸು ಗ್ವಾಡಿ ಕೇಳಲಿಲ್ಲ, ನೀಲಾ. ಆಟಾ ಕೇಳತು.”

ಹಿತ್ತಲಿನ ಕಟ್ಟೆಯ ಮೇಲೆ ಕೂತು ನೀಲಾಂಬಿಕಾ ಆಗ ಅತ್ತಳು. ಅಲ್ಲಿಗೆ ಹೋಗಬೇಕಿತ್ತು ತಾನು. ಆ ಹನ್ನೊಂದು ಮಕ್ಕಳ ನಡುವೆ, ದಿನಾ ಊಟದ ಕೋಣೆಯಲ್ಲಿ ದಾಕ್ಷಿಯ ಎದುರಿಗೆ ಕೂರಬೇಕಿತ್ತು. ಅದು ಆಗಲಿಲ್ಲವೆಂದು ಇಲ್ಲಿನ ಗೋಡೆಯನ್ನೇ ಅಲ್ಲಿನ ಗೋಡೆ ಎಂದುಕೊಂಡು, ಅದನ್ನು ಹಿಡಿದು ನಿಂತಿದ್ದಳು. ಮಕ್ಕಳ ಕೈಯಲ್ಲಿ ಎಳೆಸುತ್ತಿದ್ದದ್ದು ತನ್ನ ಆಸೆಯನ್ನು.

ಸೋಮವಾರ ತರಗತಿಗೆ ಹೋಗಿ ಮೊದಲು ಸಾವಂತ್ರಿಯನ್ನು ಮುಂದೆ ಕರೆದಳು. “ನೀ ಹೇಳಿದ್ದು ಖರೇ ಇತ್ತು. ನಾನ ತಪ್ಪು ಮಾಡಿದೆ,” ಅಂದಳು. ಅಕ್ಕೋರು ಹಾಗೆ ಹೇಳಿದ್ದನ್ನು ಮಕ್ಕಳು ಎಂದೂ ಕೇಳಿರಲಿಲ್ಲ. “ಇನ್ನ ಒಂದ ಪತ್ರ ನಾವು ಕಳಸಬಹುದು. ಅದಕ್ಕ ಬರೂ ಉತ್ತರನ ಕಡೀದು. ಆಮ್ಯಾಲೆ ಅವರ ಗೆರಿ ನಮಗ ಬರೂದಿಲ್ಲ, ನಮ್ಮದು ಅವರಿಗೆ ಹೋಗೂದಿಲ್ಲ. ನಿಯಮ ಏನಿರಬೇಕು? ನೀವ ಹೇಳ್ರಿ.”

“ಯಾರ್ಯಾರಿಗೆ ಎತ್ತ ಬೇಕೋ ಅತ್ತ ಎಳಕೊಂಡು ಹೋಗೂಣ್ರಿ,” ಅಂದಳು ಸಾವಂತ್ರಿ. “ನಮ್ಮದು ಬ್ಯಾರೆ ಆಗಲಿ, ಅವರದು ಬ್ಯಾರೆ ಆಗಲಿ.”

ಮಲ್ಲಿಕಾರ್ಜುನ ಎದ್ದು ನಿಂತ. “ಬ್ಯಾರೆ ಆದ್ರ ಮತ್ತ ಅವರ ಕೂಡ ಆಡಿಧಂಗ ಹೆಂಗಾತು?”

ಮಕ್ಕಳು ಎದ್ದು ಗೋಡೆಯ ಹತ್ತಿರ ಹೋದರು. ನೀಲಿ ಕೆಂಪು ಗೆರೆಗಳ ಆ ದೊಡ್ಡ ಹೆಣಿಗೆಯಲ್ಲಿ ಅಲ್ಲಲ್ಲಿ ಕವಲುಗಳು ಮುಗಿಯದೆ ನಿಂತಿದ್ದವು. ಸಾವಂತ್ರಿ ಅವುಗಳಲ್ಲಿ ಒಂದನ್ನು ದಿಟ್ಟಿಸಿ ನೋಡುತ್ತಿದ್ದಳು.

“ಅಕ್ಕೋರ, ಒಂದು ತುದಿ ಅವರಿಗಂತ ಬಿಡೂಣ್ರಿ. ಉಳದಿದ್ದೆಲ್ಲಾ ನಾವು ಎಳಿಯೂಣು, ಅದೊಂದನ್ನ ಮುಟ್ಟೂದು ಬ್ಯಾಡ. ಅವರೂ ನಮಗೊಂದು ಬಿಡಲಿ.”

“ಯಾವಾಗ ತನಕ?” ಅಂದ ಮಲ್ಲಿಕಾರ್ಜುನ.

“ಯಾವಾಗ ತನಕನೂ.”

ಶನಿವಾರ ನೀಲಾಂಬಿಕಾ ಬೆಳಿಗ್ಗೆ ಒಂಬತ್ತಕ್ಕೇ ಸಂದೇಶ ಕೊಟ್ಟಳು. “ಎಲ್ಲಿಂದಾದ್ರೂ ಎತ್ತಾದ್ರೂ ಎಳೀರಿ. ಒಂದು ತುದಿ ನಮಗ ಬಿಡ್ರಿ. ನಾವೂ ನಿಮಗ ಬಿಡತೀವಿ. ಹೋದ ವಾರ ನಂದ ತಪ್ಪು. ದಾಕ್ಷಿ, ದೀಪಾ ಹಚ್ಚಕೋ.”

ಕೊನೆಯ ಸಂದೇಶ ಬರುವ ದಿನ ಚಿಗವ್ವನೂ ಕೇಂದ್ರಕ್ಕೆ ಬಂದಳು. ಬಿಸಿಲೇರುವ ಹೊತ್ತಿಗೆ ಕೋಣೆಯ ತುಂಬ ಕುಟುಂಬದವರು. ಎರಡೂವರೆ ಗಂಟೆಗಳ ಹಿಂದೆ ಅಲ್ಲಿಂದ ಹೊರಟ ಮಾತುಗಳು ಗದ್ದಲದೊಳಗಿಂದ ಒಂದೊಂದೇ ಅಕ್ಷರವಾಗಿ ಪರದೆಗೆ ಬರತೊಡಗಿದವು. ಒಬ್ಬೊಬ್ಬರ ಹೆಸರು ಬಂದಾಗಲೂ ಒಬ್ಬೊಬ್ಬರು ಎದ್ದು ಮುಂದೆ ಹೋಗಿ ನಿಲ್ಲುತ್ತಿದ್ದರು.

ದಾಕ್ಷಾಯಣಿಯ ಹೆಸರು ಬಂತು. ನೀಲಾಂಬಿಕಾ ಚಿಗವ್ವನ ಕೈ ಹಿಡಿದು ಎದ್ದಳು.

“ದೊಡ್ಡವ್ವಾ, ನಿಮ್ಮ ತುದಿ ಊಟದ ಮೇಜಿನ ಕಡೆ ಐತಿ. ನನ್ನ ಕೈಗೆ ಎಟಕತೈತಿ. ಮುಟ್ಟೂದಿಲ್ಲ.”

ಅದು ಮುಕ್ತಾಳದು. ಅಷ್ಟಕ್ಕೆ ನಲವತ್ತು ಚಿಲ್ಲರೆ ಅಕ್ಷರ ಆಗಿತ್ತು. ಉಳಿದದ್ದು ತಾಯಿಯದು. ಪರದೆ ಒಂದು ಕ್ಷಣ ನಿಂತು ಮುಂದುವರಿಯಿತು.

“ಅಕ್ಕಾ ಅಕ್ಕಾ ಅಕ್ಕಾ ಅಕ್ಕಾ”

ಯಂತ್ರ ಕೆಟ್ಟಿದೆಯೆಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಇಮ್ತಿಯಾಜ ತಲೆಯಾಡಿಸಿದ. ಯಂತ್ರಕ್ಕೆ ಈ ಸಲ ಯಾವ ಸಂಶಯವೂ ಇರಲಿಲ್ಲ; ಪ್ರತಿ ಅಕ್ಷರವೂ ಸ್ಪಷ್ಟವಾಗಿ ಬರುತ್ತಿತ್ತು. ದಾಕ್ಷಾಯಣಿ ತನ್ನ ಪಾಲಿನ ಒಂದಕ್ಷರವನ್ನೂ ಖಾಲಿ ಬಿಡದೆ ಅದೇ ಮಾತಿನಿಂದ ತುಂಬಿದ್ದಳು. ತೊಂಬತ್ತು ಮುಗಿದಲ್ಲಿ ಅದು ‘ಅ’ ಎಂದು ಅರ್ಧಕ್ಕೆ ನಿಂತಿತು. ಮುಂದಿನ ಕುಟುಂಬದ ಹೆಸರು ಬಂತು.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲಿದ್ದ ನೌಕೆಯ ಸಂಕೇತದ ಸಣ್ಣ ಏರು ಗದ್ದಲದ ಮಟ್ಟಕ್ಕೆ ಇಳಿದು ಕಾಣದಾಯಿತು. ಇಮ್ತಿಯಾಜ ಕುರ್ಚಿ ಬಿಟ್ಟು ಎದ್ದು ನಿಂತ. ಅವನ ನಂತರ ಎಲ್ಲರೂ ಎದ್ದರು. ಚಿಗವ್ವ ಸೆರಗಿನಿಂದ ನೀಲಾಂಬಿಕಾಳ ಮುಖ ಒರೆಸಿ, “ಅಲ್ಲೆ ಈಗ ದೀಪಾ ಹತ್ತಿರತಾವ,” ಅಂದಳು.

ಮರುದಿನ ನೀಲಾಂಬಿಕಾ ಶಾಲೆಗೆ ರಜೆ ಹಾಕಲಿಲ್ಲ. ಮಕ್ಕಳಿಗೆ ಮುಕ್ತಾಳ ಮಾತನ್ನು ಓದಿ ಹೇಳಿದಳು. ಸಾವಂತ್ರಿ ಗೋಡೆಯ ನಡುಮಟ್ಟದಲ್ಲಿದ್ದ ಒಂದು ಕೆಂಪು ತುದಿಯನ್ನು ಆರಿಸಿ, ಇದು ಅವರದು ಎಂದಳು. ಯಾರೂ ಗುರುತು ಹಾಕಲಿಲ್ಲ. ಎಲ್ಲರೂ ನೋಡಿ ನೆನಪಿಟ್ಟುಕೊಂಡರು. ಆಮೇಲೆ ಪಾಳಿ ಶುರುವಾಯಿತು. ಎಷ್ಟೋ ದಿನಗಳ ಮೇಲೆ ನೂಕಾಟ, ಕೂಗಾಟ, ನನ್ನ ದಾರಿ ಮುಚ್ಚಿದಿ ಎಂಬ ಜಗಳ. ಇಪ್ಪತ್ತೆಂಟು ಗೆರೆ ಮುಗಿದವು. ಮಲ್ಲಿಕಾರ್ಜುನ ಸೀಮೆಸುಣ್ಣದ ತುಂಡನ್ನು ಅವಳ ಕಡೆ ಚಾಚಿದ.

“ನೀವೂ ಒಂದು ಎಳೀರಿ ಅಕ್ಕೋರ.”

“ನಾನು?”

“ಎರಡು ವರ್ಷಾತು, ನೀವು ಒಂದೂ ಎಳದಿಲ್ರಿ.”

ಹೌದಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮುಂದೆ ನಿಂತಳು. ಆ ಕೆಂಪು ತುದಿ ಅವಳ ಕೈಯಳತೆಯಲ್ಲೇ ಇತ್ತು. ಅಲ್ಲಿಂದ ಒಂದೇ ಒಂದು ಗೆರೆ ಎಳೆಯಬೇಕೆಂಬ ಆಸೆ ಬೆರಳಿನ ತುದಿಯವರೆಗೆ ಬಂದು ನಿಂತಿತು. ಮಕ್ಕಳು ಅವಳನ್ನೇ ನೋಡುತ್ತಿದ್ದರು.

ಅವಳು ಎರಡು ಹೆಜ್ಜೆ ಸರಿದು, ಮಲ್ಲಿಕಾರ್ಜುನನ ಗೆರೆ ಮುಗಿದಲ್ಲಿ ಸೀಮೆಸುಣ್ಣ ಊರಿದಳು. ಎತ್ತ ಹೋಗಲಿ ಎಂದು ಸ್ವಲ್ಪ ಹೊತ್ತು ಯೋಚಿಸಿ, ಮೇಲಕ್ಕೆ ಎಳೆದಳು.